ಬೆಟ್ಟದ ತುದಿ ಬಾಕಿ ಇತ್ತು

ಅವರು ಮೊದಲ ಸಲ ಕ್ಲಿನಿಕ್‌ಗೆ ಬಂದ ದಿನ, ಎಡಗೈಯಿಂದ ಬಲಗೈಯನ್ನು ಎತ್ತಿ, ನಿದ್ದೆ ಹೋದ ಮಗುವನ್ನು ಮಲಗಿಸುವಂತೆ ನನ್ನ ಮೇಜಿನ ಮೇಲೆ ಇಟ್ಟರು. ಅರವತ್ತು ದಾಟಿದ ಕೊರಿಯನ್ ಹೆಂಗಸು. ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದರು. ಗಂಟು ಹಾಕಲು ಕೈ ಹಿಂದಕ್ಕೆ ಹೋಗುವುದಿಲ್ಲ ಎಂದಾದ ಮೇಲೆ ತಾವೇ ಕನ್ನಡಿ ಮುಂದೆ ನಿಂತು ಕತ್ತರಿಸಿಬಿಟ್ಟರಂತೆ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ, ಮದುವೆಯಾಗಿ ಸಿಡ್ನಿಗೆ ಬಂದು, ಇಲ್ಲಿನ ಪರೀಕ್ಷೆಗಳನ್ನೂ ಪಾಸು ಮಾಡಿ ಕೆಲಸಕ್ಕೆ ಸೇರಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಭುಜ ಹಿಡಿದುಕೊಂಡವರನ್ನು ಊರಿನಲ್ಲೂ ಬೇಕಾದಷ್ಟು ನೋಡಿದ್ದೆ. ಇವರದು ಮಾತ್ರ ತುಕ್ಕು ಹಿಡಿದ ಚಿಲಕದ ಹಾಗಿತ್ತು. ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು.

"ಏನು ಕೆಲಸ ಮಾಡ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ನಮ್ಮ ಮಾತೆಲ್ಲ ಆ ಭಾಷೆಯಲ್ಲೇ.

"ಬೆಟ್ಟದ ಚಿತ್ರ ಬರೀತೀನಿ. ಮೆಲ್ಬರ್ನ್‌ನಲ್ಲಿ ಪ್ರದರ್ಶನ ಇದೆ. ನಂದೊಬ್ಬಳದೇ."

ಆಸ್ಟ್ರೇಲಿಯಾಕ್ಕೆ ಬಂದು ಎಷ್ಟೋ ವರ್ಷವಾದ ಮೇಲೆ ಸಿಕ್ಕ ಮೊದಲ ಏಕವ್ಯಕ್ತಿ ಪ್ರದರ್ಶನ ಅದು. ಉಳಿದ ಚಿತ್ರಗಳೆಲ್ಲ ತಯಾರಾಗಿದ್ದವು. ಎಲ್ಲಕ್ಕಿಂತ ದೊಡ್ಡದೊಂದು ಮಾತ್ರ ಮನೆಯ ಗ್ಯಾರೇಜಿನಲ್ಲಿ ಅರ್ಧಕ್ಕೆ ನಿಂತಿತ್ತು. ಕ್ಯಾನ್ವಾಸ್ ಅವರಿಗಿಂತ ಎತ್ತರ. ಹುಟ್ಟಿದೂರಿನ ಹಿಂದಿದ್ದ ಬಂಡೆಬೆಟ್ಟ. ಅದರ ತುದಿಗೆ ಕೈ ಎಟುಕುತ್ತಿರಲಿಲ್ಲ.

"ಪ್ರದರ್ಶನ ಮುಂದಕ್ಕೆ ಹಾಕಿಸಿ. ಇದು ಬೇಗ ವಾಸಿಯಾಗೋದಲ್ಲ," ಎಂದೆ.

"ಹಾಕಿಸಲ್ಲ, ಟೀಚರ್."

ಅವರ ಕಡೆ ವೈದ್ಯರನ್ನೂ ಹಾಗೆಯೇ ಕರೆಯುತ್ತಾರಂತೆ. ಕೊನೆಯವರೆಗೂ ನಾನು ಅವರಿಗೆ ಟೀಚರ್ ಆಗಿಯೇ ಉಳಿದೆ.

"ಹಾಗಾದ್ರೆ ಕ್ಯಾನ್ವಾಸನ್ನ ನೆಲದ ಮೇಲೆ ಮಲಗಿಸಿ ಬರೀಬಹುದಲ್ವಾ?"

ಅವರು ನಕ್ಕರು. "ಮಲಗಿಸಿದ್ರೆ ಬೆಟ್ಟ ಎಷ್ಟು ಎತ್ತರ ಅಂತ ಕೈಗೆ ಗೊತ್ತಾಗಲ್ಲ."

ವಾರವಾರವೂ ಬಂದರು. ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುವ ವ್ಯಾಯಾಮ ಕಲಿಸಿದೆ. ನಾನು ಕೈ ಹಿಡಿದು ಎಳೆಯುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಸಾಕು ಎಂಬ ಮಾತು ಬರುತ್ತಿರಲಿಲ್ಲ. ಆದರೂ ಪ್ರದರ್ಶನದ ಹೊತ್ತಿಗೆ ಕೈ ಗಲ್ಲದವರೆಗೆ ಬಂದಿತ್ತು, ಅಷ್ಟೇ.

ಆ ವಾರ ನನ್ನ ಗಂಡನಿಗೆ ಮೆಲ್ಬರ್ನ್‌ನಲ್ಲಿ ಆಫೀಸ್ ಕೆಲಸವಿತ್ತು. ನಾನೂ ರಜೆ ಹಾಕಿ ಜೊತೆಗೆ ಹೋದೆ. ಸಂಜೆ ಇಬ್ಬರೂ ಗ್ಯಾಲರಿ ಹುಡುಕಿಕೊಂಡು ಹೋದಾಗ ಒಳಗೆ ಜನ ತುಂಬಿದ್ದರು. ಆ ದೊಡ್ಡ ಚಿತ್ರ ಎದುರುಗೋಡೆಯ ಮೇಲಿತ್ತು. ಕೆಳಗೆ ಪೈನ್ ಮರಗಳು, ನಡುವೆ ಕಪ್ಪು ಬಂಡೆ, ಅದರ ಮೇಲೆ ಬರೀ ಬಿಳಿ ಕ್ಯಾನ್ವಾಸ್. ಎಲ್ಲಕ್ಕಿಂತ ಹೆಚ್ಚು ಜನ ಅದರ ಮುಂದೆಯೇ ನಿಂತಿದ್ದರು. ಕೋಟು ಹಾಕಿದ ಬಿಳಿಗೂದಲಿನ ಒಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಈ ಶೂನ್ಯ ನೋಡಿ. ಇದು ಏಷ್ಯಾದವರಿಗೆ ಮಾತ್ರ ಸಾಧ್ಯ."

ಪಕ್ಕದಲ್ಲಿದ್ದ ಕಲಾವಿದೆಗೆ ಅದು ಕೇಳಿಸಿತು. "ಅದು ಖಾಲಿ ಅಲ್ಲ ಸರ್, ಬಾಕಿ. ನನ್ನ ಕೈ ಮೇಲೆ ಹೋಗ್ಲಿಲ್ಲ."

ಬಿಳಿಗೂದಲಿನವರು ಅದನ್ನು ತಮಾಷೆಯೆಂದುಕೊಂಡು ನಕ್ಕರು. ಸ್ವಲ್ಪ ಹೊತ್ತಿಗೆ ಗ್ಯಾಲರಿಯ ಒಡತಿ ಬಂದು ಕಲಾವಿದೆಯನ್ನು ಮೂಲೆಗೆ ಕರೆದಳು. ನಾನೂ ಅಲ್ಲೇ ನಿಂತಿದ್ದೆ. ಬಿಳಿಗೂದಲಿನವರು ಚಿತ್ರ ಕೊಳ್ಳುತ್ತಾರಂತೆ, ಇದ್ದ ಹಾಗೆಯೇ. ಮಾರಾಟವಾಯಿತು ಎಂದು ಕೆಂಪು ಚುಕ್ಕೆ ಅಂಟಿಸಲೇ?

"ಬೇಡ. ಮುಗಿಸಿ ಕೊಡ್ತೀನಿ."

"ಮುಗಿಸಬೇಡಿ. ಅವರಿಗೆ ಹೀಗೇ ಬೇಕಂತೆ."

"ನನಗೆ ಹೀಗೆ ಬೇಡ."

ಅಷ್ಟು ಹೇಳಿ ನನ್ನ ಹತ್ತಿರ ಪೆನ್ ಕೇಳಿದರು. ಚಿತ್ರದ ಪಕ್ಕದ ಚೀಟಿಯ ಮೇಲೆ, ಹೆಸರಿನ ಕೆಳಗೆ, 'ಇನ್ನೂ ಮುಗಿದಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದರು. ಒಡತಿಯ ಮುಖ ಸಪ್ಪಗಾಯಿತು. ನನಗೆ ಮಾತ್ರ ಯಾಕೋ ಬೆನ್ನು ನೆಟ್ಟಗಾದ ಹಾಗಾಯಿತು.

ಹಿಂದಿರುಗುವಾಗ ಟ್ರಾಮಿನಲ್ಲಿ ಗಂಡ ಕೇಳಿದ, "ಯಾಕೇ ಇಷ್ಟು ಹಠ ಆ ಆಂಟಿಗೆ? ಒಳ್ಳೆ ಬಯರ್ ಸಿಕ್ಕಿದ್ದ. ಅವರಿಗೆ ನಮ್ಮ ಹಾಗೆ ಮನೆ ಸಾಲ ಇಲ್ಲ ಅನ್ಸುತ್ತೆ."

"ಹಠ ಇಲ್ದಿದ್ರೆ ಆ ಕೈ ಇಷ್ಟೂ ಮೇಲೆ ಬರ್ತಿರ್ಲಿಲ್ಲ. ಪೂರ್ತಿ ಎತ್ತಿಸ್ತೀನಿ, ನೋಡ್ತಿರು," ಎಂದೆ. ಹೇಳಿದ ಮೇಲೆ ಅದು ನನ್ನ ಹಠವೂ ಆಯಿತು.

ಸಿಡ್ನಿಗೆ ಬಂದ ಮೇಲೆ ಮತ್ತೆ ಶುರು ಮಾಡಿದೆವು. ಕೆಲವು ವಾರ ಕೈ ಬೆರಳಿನಷ್ಟೂ ಮೇಲೇಳಲಿಲ್ಲ. ನಾನು ಹಿರಿಯ ಸಹೋದ್ಯೋಗಿಗಳನ್ನು ಕೇಳಿದೆ, ಓದಿದೆ, ವ್ಯಾಯಾಮ ಬದಲಿಸಿದೆ. ಚಳಿಗಾಲ ಕಳೆಯುವ ಹೊತ್ತಿಗೆ ಭುಜ ನಿಧಾನವಾಗಿ ಸಡಿಲಾಯಿತು. ಒಂದು ಬೆಳಿಗ್ಗೆ ಅವರ ಬೆರಳುಗಳು ಗೋಡೆಯ ಮೇಲೆ ತಲೆ ದಾಟಿ ಹೋದವು. ಅವರು ಬ್ಯಾಗ್ ತೆಗೆದುಕೊಂಡು, "ಇವತ್ತು ಇಷ್ಟು ಸಾಕು ಟೀಚರ್. ಬರೆಯೋಕೆ ಬೆಳಕಿದೆ," ಎಂದು ಮನೆಗೆ ಹೊರಟುಬಿಟ್ಟರು. ಸಾಕು ಎಂದದ್ದು ಅದೇ ಮೊದಲು.

ಮರುವರ್ಷ ಸಿಡ್ನಿಯಲ್ಲಿ ಪ್ರದರ್ಶನವಾದಾಗ ಆ ಬೆಟ್ಟಕ್ಕೆ ತುದಿ ಇತ್ತು. ಮೋಡವಿಲ್ಲ, ಮಂಜಿಲ್ಲ, ಬಿಸಿಲು ಬಿದ್ದ ಬೋಳು ಬಂಡೆ. ಮೆಲ್ಬರ್ನ್‌ನ ಬಿಳಿಗೂದಲಿನವರೂ ಬಂದಿದ್ದರು. ಬಹಳ ಹೊತ್ತು ನೋಡಿ, ಮೊದಲಿನದೇ ಚೆನ್ನಾಗಿತ್ತು ಎಂದು ವಿನಯದಿಂದ ಹೇಳಿ ಹೋದರು. ಆ ಚಿತ್ರವನ್ನು ಬೇರೆ ಯಾರೂ ಕೊಳ್ಳಲಿಲ್ಲ.

"ಬೇಜಾರಾಯ್ತಾ?" ಎಂದು ಕೇಳಿದೆ.

"ಇಲ್ಲ. ನಮ್ಮೂರಿನ ಬೆಟ್ಟ ಹೀಗೇ ಇರೋದು."

ಅಷ್ಟು ಹೇಳಿ, ಗೋಡೆಗೆ ಒರಗಿ ಒಂದು ಕಾಲು ಮಡಚಿ ಚಾಚಿದರು. "ಮುಂದಿನ ವಾರ ಅಪಾಯಿಂಟ್‌ಮೆಂಟ್ ಕೊಡಿ ಟೀಚರ್. ಈಗ ಮೊಣಕಾಲು. ಇದಕ್ಕಿಂತ ದೊಡ್ಡದು ಬರೀಬೇಕು, ಏಣಿ ಹತ್ತಬೇಕಾಗುತ್ತೆ."