ದೇಸಾಯರ ಪಡಸಾಲೆಯ ಗೋಡೆ

ನನ್ನ ತಮ್ಮ ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗದ ಮುಂದೆ ಕೂರಲಿಲ್ಲ. ಗಜೇಂದ್ರಗಡದಲ್ಲಿ ನಾವೆಲ್ಲ ಸೀರೆ ನೇಯ್ದು ಬೆನ್ನು ಬಗ್ಗಿಸಿಕೊಳ್ಳುತ್ತಿದ್ದರೆ, ಈ ಮಹಾಶಯ ಬಣ್ಣದ ಕುಡಿಕೆ ಹಿಡಿದು ನರಗುಂದಕ್ಕೆ ಹೋದ. ಅಲ್ಲಿ ಇನ್ನೂ ಅರಸರಿದ್ದ ಕಾಲ. ಗೋಡೆಯ ಮೇಲೆ ಆನೆ, ಕುದುರೆ, ದೇವರು ಬರೆಯುವುದನ್ನು ಕಲಿತ. ಆಮೇಲೆ ರೋಣದ ದೇಸಾಯರು ಹೊಸ ವಾಡೆ ಕಟ್ಟಿಸಿ, ಪಡಸಾಲೆಯ ಗೋಡೆಗೆ ದಶಾವತಾರ ಬರೆ ಎಂದರು. ಇವನು ಮೂರು ತಿಂಗಳು ಅವರ ರೊಟ್ಟಿ ತಿಂದು ಬರೆದದ್ದರಲ್ಲಿ ಒಂದು ಮೀನೂ ಇರಲಿಲ್ಲ. ಬರೀ ಬಣ್ಣ!

ದೇಸಾಯರು ಒಳ್ಳೆಯವರು, ಬೈಯಲಿಲ್ಲ. ಮೂರು ದಿನ ಜನ ಬಂದು ನೋಡಲಿ, ಒಬ್ಬರಿಗಾದರೂ ಹಿಡಿಸಿದರೆ ಇರಲಿ, ಇಲ್ಲವಾದರೆ ಸುಣ್ಣ ಹೊಡೆಸುತ್ತೇನೆ ಎಂದರಂತೆ. ಸುದ್ದಿ ತಿಳಿದು ನಾನೂ ಅವ್ವನೂ ಚಕ್ಕಡಿಯಲ್ಲಿ ರೋಣ ಮುಟ್ಟಿದಾಗ ಮೂರನೇ ದಿನದ ಮಧ್ಯಾಹ್ನ. ಸುಣ್ಣ ಹೊಡೆಯುವವರು ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ದಾರಿಯುದ್ದಕ್ಕೂ ಅವ್ವ ಬೈದದ್ದೇ ಬೈದದ್ದು. "ಮಗ್ಗಾ ಬಿಟ್ಟ ಹೋದಾಂವಗ ಹಿಂಗ ಆಗಬೇಕು!"

ಪಡಸಾಲೆ ತುಂಬ ಜನ. ಗೋಡೆಯ ಮೇಲೆ ಕೆಂಪು ಏರುತ್ತ ಹೋಗಿ ಹಳದಿಯಲ್ಲಿ ಕರಗಿತ್ತು, ನಡುವೆ ನೀಲಿ ಸುಮ್ಮನೆ ಕೂತಿತ್ತು. ಬೆಳವಣಕಿಯ ಗೌಡರೊಬ್ಬರು ಯಾವುದಕ್ಕೂ ಇರಲಿ ಎಂದು ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಯಾವ ದೇವರು, ತಂಗೆವ್ವಾ?" ಎಂದರು.

"ಇನ್ನೂ ಬರಾಕತ್ತಾರ್ರೀ, ದಾರ್ಯಾಗದಾರ," ಎಂದೆ.

ತಮ್ಮ ದುರುಗುಟ್ಟಿ ನೋಡಿದ. ಗೋಡೆಗೆ ಯಾರೂ ಬೆರಳು ಹಚ್ಚದಂತೆ ಬೆಳಗಿನಿಂದ ಕಾವಲು ನಿಂತು ಅವನ ಮುಖ ಬಾಡಿಹೋಗಿತ್ತು. ನನಗೂ ಪಾಪ ಅನ್ನಿಸಿತು. ಮೂರು ದಿನದಲ್ಲಿ ಚಲೋ ಎಂದವರು ಒಬ್ಬರೂ ಇಲ್ಲ. ನಾನೇ ಅನ್ನಬಹುದಿತ್ತು, ಆದರೆ ನಾನು ಸುಳ್ಳು ಹೇಳಿದರೆ ಮುಖದಲ್ಲೇ ಗೊತ್ತಾಗುತ್ತದೆ.

ಅವ್ವ ಬೈಯುವುದನ್ನು ನಿಲ್ಲಿಸಿದ್ದಳು. ಗೋಡೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಆಮೇಲೆ ನನ್ನ ಗಲ್ಲ ಹಿಡಿದು, ನನ್ನ ಕಣ್ಣಿನ ಕಾಡಿಗೆಯನ್ನು ಬೆರಳಿಗೆ ತೀಡಿಕೊಂಡವಳೇ ಗೋಡೆಯ ಮೂಲೆಗೆ ಒಂದು ಕರೀ ಬೊಟ್ಟು ಇಟ್ಟುಬಿಟ್ಟಳು!

"ಯವ್ವಾ! ಏನ ಮಾಡಿದಿ!" ಎಂದು ತಮ್ಮ ಚೀರಿದ.

"ಇಷ್ಟ ಮಂದಿ ಕಣ್ಣ ಬಿದ್ದಾವ. ದೃಷ್ಟಿ ಆಗೂದಿಲ್ಲೇನು?"

ದೇಸಾಯರು ನಗುತ್ತ ಹತ್ತಿರ ಬಂದರು. "ಯವ್ವಾ, ಇದು ಏನಂತ ನಿನಗ ತಿಳೀತೇನು?"

"ಇಲ್ರೀ ಧಣ್ಯಾರ, ಒಂದೀಟೂ ತಿಳೀಲಿಲ್ಲ," ಎಂದಳು ಅವ್ವ. "ಇಂವಾ ಹುಟ್ಟಿದಾಗ ಇಂವಾ ಏನಂತ ನನಗೆಲ್ಲಿ ತಿಳಿದಿತ್ತು? ಆದ್ರೂ ಬೊಟ್ಟ ಇಟ್ಟಿದ್ನಿ."

ದೇಸಾಯರು ಸುಣ್ಣದವರನ್ನು ಮನೆಗೆ ಕಳಿಸಿದರು. ತಮ್ಮ ಬಣ್ಣ ಪರೀಕ್ಷಿಸುವವನಂತೆ ಗೋಡೆಗೆ ಮುಖ ಮಾಡಿ ನಿಂತ. ಅವನ ಹೆಗಲು ಅಲುಗುತ್ತಿತ್ತು. ಛೇಡಿಸೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ನನ್ನದೇ ಕಾಡಿಗೆ ಗಲ್ಲದವರೆಗೆ ಇಳಿದುಬಂದಿತ್ತು.