ಚಟ್ನಿಗೊಂದು ಮುಖ

ಶೇಂಗಾಕಾಯಿಯ ಚಿತ್ರ ಬರೆಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು ನಾನು. ಆನೆ, ಕುದುರೆ, ನವಿಲುತೀರ್ಥದ ಆಣೆಕಟ್ಟು, ಯಾರು ಏನು ಕೇಳಿದರೂ ಬರೆದುಕೊಟ್ಟಿದ್ದೇನೆ. ಶೇಂಗಾಕಾಯಿ ಮಾತ್ರ ನನ್ನ ಕೈಯಲ್ಲಿ ಒಮ್ಮೆ ರೇಷ್ಮೆಹುಳುವಾಗುತ್ತದೆ, ಒಮ್ಮೆ ತೊಟ್ಟಿಲೊಳಗಿನ ಕೂಸಾಗುತ್ತದೆ. ಸೊಂಟದ ಹತ್ತಿರ ಸ್ವಲ್ಪ ತಿದ್ದಿದರೆ ಚಪ್ಪಲಿಯ ಅಟ್ಟೆ. ನನ್ನ ಹೆಂಡತಿ ಶೋಭಾ ಆ ಕಾಗದಗಳನ್ನೆಲ್ಲ ನೋಡಿ, "ಇವನ್ನ ನೋಡಿದ್ರ ಚಟ್ನಿ ತಿನ್ನಬೇಕು ಅನಸತೈತೇನ್ರೀ?" ಎಂದು ಕೇಳಿದಳು. ನನಗೂ ಅನ್ನಿಸಿರಲಿಲ್ಲ.

ವಿಷಯ ಇಷ್ಟು. ಮನೆಯಲ್ಲಿ ತಾನು ಕುಟ್ಟುವ ಶೇಂಗಾ ಚಟ್ನಿಯನ್ನು ಪ್ಯಾಕೆಟ್ ಮಾಡಿ ಮಾರಬೇಕೆಂದು ಶೋಭಾ ನಿಶ್ಚಯಿಸಿದ್ದಳು. ಪ್ಯಾಕೆಟ್ ಎಂದಮೇಲೆ ಅದಕ್ಕೊಂದು ಲೋಗೋ ಬೇಕು. ಮನೆಯಲ್ಲೇ ಕಲಾವಿದನೊಬ್ಬ ಬಿಟ್ಟಿ ಸಿಗುವಾಗ ಹೊರಗೆ ಯಾಕೆ ಹೋಗಬೇಕು? ನಾನು ಮೊಬೈಲು ಹಿಡಿದು ಈ ವಿದ್ಯೆಯ ವಿಡಿಯೋಗಳನ್ನು ನೋಡುತ್ತ ಕುಳಿತೆ. ಒಬ್ಬರು ಲೋಗೋ ಸರಳವಾಗಿರಬೇಕು ಎಂದರು. ಇನ್ನೊಬ್ಬರು ಅದು ಕಥೆ ಹೇಳಬೇಕು ಎಂದರು. ಮತ್ತೊಬ್ಬರು ಕೆಂಪು ಬಣ್ಣ ಹಸಿವು ಹುಟ್ಟಿಸುತ್ತದೆ ಎಂದರು. ನೋಡುತ್ತ ನೋಡುತ್ತ ನನಗೆ ಹಸಿವಾದದ್ದು ನಿಜ, ಉಳಿದದ್ದೇನೂ ತಲೆಗೆ ಹತ್ತಲಿಲ್ಲ. ಇಲ್ಲೇ ಹತ್ತಿರದ ಬಾದಾಮಿಯ ಚಾಲುಕ್ಯರಿಗೆ ವರಾಹ ಲಾಂಛನವಿತ್ತು. ವರಾಹಕ್ಕೂ ರಾಜ್ಯಭಾರಕ್ಕೂ ಏನು ಸಂಬಂಧ ಎಂದು ಅರಸನನ್ನು ಕೇಳುವ ಧೈರ್ಯ ಆಗ ಯಾರಿಗೂ ಇದ್ದಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಧೈರ್ಯವಿದೆ.

ಕೊನೆಗೆ ಶೋಭಾಳೇ ದಾರಿ ತೋರಿಸಿದಳು. "ಅತ್ತಿ ಮಾರಿ ಹಾಕ್ರಿ. ಊರಾಗ ಎಲ್ಲಾರೂ ಗಂಗವ್ವನ ಚಟ್ನಿ ಅಂತನಽ ಅಂತಾರ. ನನ್ನ ಹೆಸರಿಗೆ ಯಾರು ಬರತಾರ?"

ಗಂಗವ್ವ ಎಂದರೆ ನನ್ನ ಅವ್ವ. ಅವಳ ರಟ್ಟೆ ನೋಯಲು ಶುರುವಾಗಿ ಒರಳು ಶೋಭಾಳ ಪಾಲಿಗೆ ಬಂದು ಬಹಳ ವರ್ಷಗಳಾದವು. ಬೆಳ್ಳುಳ್ಳಿ ಯಾವಾಗ ಹಾಕಬೇಕು, ಶೇಂಗಾ ಎಣ್ಣೆ ಬಿಡುವವರೆಗೆ ಹೇಗೆ ಕುಟ್ಟಬೇಕು, ಎಲ್ಲ ಈಗ ಇವಳದೇ ಅಂದಾಜು. ಆದರೂ ರಾಮದುರ್ಗದಲ್ಲಿ ಅದು ಗಂಗವ್ವನ ಚಟ್ನಿಯೇ. ಅವ್ವನೂ ಸೊಸೆಯ ಚಟ್ನಿ ಛಲೋ ಆಗಿದೆ ಎಂದು ಬಾಯಿಬಿಟ್ಟು ಹೇಳಿದವಳಲ್ಲ, ಸುಮ್ಮನೆ ಇನ್ನಷ್ಟು ಬಡಿಸಿಕೊಳ್ಳುತ್ತಾಳೆ. 'ನನ್ನ ಹೆಸರಿಗೆ ಯಾರು ಬರತಾರ' ಎನ್ನುವಾಗ ಶೋಭಾ ನನ್ನನ್ನು ನೋಡದೆ ಗೋಡೆ ನೋಡುತ್ತಿದ್ದಳು. ಆ ಮಾತು ಅವಳಿಗೆ ನೋಯುತ್ತಿದೆ ಎಂದು ಗೊತ್ತಾಯಿತು. ಪೆನ್ಸಿಲ್ ಚೂಪು ಮಾಡಿದೆ.

ಯಾರದೋ ಮದುವೆಯ ಫೋಟೋದಿಂದ ಅವ್ವನ ಮುಖ ಕತ್ತರಿಸಿಕೊಂಡೆ. ಅವಳ ವಯಸ್ಸಿನ ಹೆಂಗಸರು ಕ್ಯಾಮೆರಾದ ಮುಂದೆ ನಗುವುದಿಲ್ಲ, ಪೊಲೀಸ್ ಠಾಣೆಗೆ ಕರೆಸಿದವರಂತೆ ನಿಲ್ಲುತ್ತಾರೆ. ಆ ಮುಖಕ್ಕೊಂದು ಮೊಟ್ಟೆಯಾಕಾರದ ಚೌಕಟ್ಟು, ಸುತ್ತಲೂ ಶೇಂಗಾದ ಹಳದಿ ಹೂವು, ಕೆಳಗೆ 'ಮರೆಯಲಾಗದ ಕೈರುಚಿ'. ಪ್ಯಾಕೆಟ್ಟಿಗಿಂತ ಮೊದಲು ಪ್ರಚಾರವಾಗಲಿ ಎಂದು ಫ್ಲೆಕ್ಸ್ ಮಾಡಿಸಲು ಕೊಟ್ಟೆ. ಜಾಗ ಉಳಿಯುತ್ತದೆ ಸರ್ ಎಂದು ಅಂಗಡಿಯವನು ತಳದಲ್ಲಿ ಮನೆಯವರೆಲ್ಲರ ಸಣ್ಣ ಫೋಟೋಗಳನ್ನು ಸಾಲಾಗಿ ಕೂಡಿಸಿದ. ಚಟ್ನಿ ಎಂಬ ಶಬ್ದ ಒಂದು ಮೂಲೆಗೆ ಸರಿಯಿತು. ಸಂಜೆ ಓಣಿಯ ತಿರುವಿನಲ್ಲಿ ಅದನ್ನು ಕಟ್ಟಿಸಿ, ದೂರ ನಿಂತು ನೋಡಿ ಹೆಮ್ಮೆಪಟ್ಟೆ. ಅವ್ವನಿಗೆ ಹೇಳಿರಲಿಲ್ಲ, ತಾನಾಗಿ ನೋಡಿ ಖುಷಿಪಡಲಿ ಎಂದು.

ಈಗ ನೀವೇ ಯೋಚಿಸಿ. ನಮ್ಮ ಊರುಗಳಲ್ಲಿ ಫ್ಲೆಕ್ಸ್ ಕಟ್ಟುವುದು ಯಾವುದಕ್ಕೆ? ಒಂದು, ಹುಟ್ಟುಹಬ್ಬಕ್ಕೆ. ಅಲ್ಲಿರುವವರು ಕರಿ ಕನ್ನಡಕ ಹಾಕಿ ಕೈ ಎತ್ತಿರುತ್ತಾರೆ. ಇನ್ನೊಂದು ಯಾವುದಕ್ಕೆ ಎಂಬುದು ನನ್ನೊಬ್ಬನನ್ನು ಬಿಟ್ಟು ಇಡೀ ತಾಲ್ಲೂಕಿಗೆ ಹೊಳೆದಿತ್ತು.

ಮರುದಿನ ಬೆಳಿಗ್ಗೆ ಮುರಗೋಡದಿಂದ ಅವ್ವನ ತಮ್ಮ, ನನ್ನ ಸೋದರಮಾವ, ದೊಡ್ಡ ಹೂಮಾಲೆ ಹಿಡಿದುಕೊಂಡು ಬಂದ. ಓಣಿಯವರು ಯಾರೋ ಫ್ಲೆಕ್ಸಿನ ಫೋಟೋ ತೆಗೆದು ಮೊಬೈಲಿನಲ್ಲಿ ಹರಿಬಿಟ್ಟಿದ್ದರು. ಮಾವನ ಹೆಂಡತಿ ತಿರುವಿನಿಂದಲೇ ಹಾಡಿಕೊಂಡು ಅಳುತ್ತ ಬರುತ್ತಿದ್ದಳು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅವ್ವ ಗಾಬರಿಯಾಗಿ ಎದ್ದು ನಿಂತಳು.

"ಯಾರು ಹೋದ್ರೋ ತಮ್ಮಾ?"

ಮಾವ ಮಾಲೆ ಹಿಡಿದು ನಿಂತಲ್ಲೇ ನಿಂತ. "ಅಕ್ಕಾ, ನೀನಽ ಹೋಗಿದ್ದಿ."

"ನಾ ಎಲ್ಲಿ ಹೋಗ್ಲಿ? ಇನ್ನೂ ಚಾ ಸೈತ ಕುಡದಿಲ್ಲ."

ಒಂದು ಫೋನ್ ಮಾಡಿ ಕೇಳಬಾರದಿತ್ತೇ ಎಂದು ನಾನು ಮಾವನಿಗೆ ಅಂದೆ. "ಇಂಥಾದ್ದನ್ನ ಫೋನ್‌ನ್ಯಾಗ ಕೇಳತಾರೇನಲೇ?" ಎಂದು ನನ್ನನ್ನೇ ಬೈದ. ಅವನ ಹಿಂದೆಯೇ ಇನ್ನೂ ಕೆಲವರು ಬಂದರು. ಅಂತ್ಯಕ್ರಿಯೆಗೆ ಹೋಗುವುದನ್ನು ನಾವು ಮಣ್ಣಿಗೆ ಹೋಗುವುದು ಎನ್ನುತ್ತೇವೆ. ಹೀಗೆ ಮಣ್ಣಿಗೆ ಬಂದವರೆಲ್ಲ ಅವ್ವನ ಕೈಯಿಂದಲೇ ಚಾ ಇಸಿದುಕೊಂಡು ಕುಡಿದರು. ಅವ್ವ ತಿರುವಿನವರೆಗೆ ಹೋಗಿ ಫ್ಲೆಕ್ಸ್ ನೋಡಿಕೊಂಡು ಬಂದಳು.

"ಮಾಲಿ ಯಾಕ ಹಾಕಿದ್ಯೋ ನನಗ?"

"ಅದು ಶೇಂಗಾದ ಹೂವು, ಅವ್ವಾ."

ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ನಾನು ಮಕ್ಕಳಿಗೆ ಏನು ಕಲಿಸಿರಬಹುದು ಎಂಬ ಚಿಂತೆ ಆ ನೋಟದಲ್ಲಿತ್ತು.

ಬಂದವರನ್ನು ಹಾಗೇ ಕಳಿಸಲಾಗದು. ಎಲ್ಲರೂ ಊಟಕ್ಕೆ ಕುಳಿತರು. ಬಿಸಿ ರೊಟ್ಟಿ, ಮೊಸರು, ಚಟ್ನಿ. ಮಾವ ಚಟ್ನಿ ಕಲಸಿ ಬಾಯಿಗಿಟ್ಟವನೇ ಮತ್ತೆ ಕಣ್ಣೀರು ತಂದ. "ನೀ ಹೋಗಿದ್ರ ಈ ರುಚಿನೂ ಹೋಗತಿತ್ತಲ್ಲಕ್ಕಾ!"

"ಎಲ್ಲಿ ಹೋಗತಿತ್ತು?" ಎಂದಳು ಅವ್ವ. "ಇದನ್ನ ಕುಟ್ಟಿದಾಕಿ ಶೋಭಾ. ನಾ ಬಿಟ್ಟು ಎಷ್ಟೋ ವರ್ಷ ಆತು. ನನ್ನ ಕೈಗಿಂತ ಅಕಿ ಕೈ ಛಲೋ ಐತಿ." ಆಮೇಲೆ ನನ್ನ ಕಡೆ ತಿರುಗಿ, "ಆ ಫ್ಲೆಕ್ಸ್ ಇಳಸು. ಕುಟ್ಟಾಕಿ ಅಕಿ, ಮಾರಿ ನಂದು, ಇದೆಲ್ಲಿ ಪದ್ಧತಿ? ಅಕಿ ಮಾರಿ ಹಾಕು, ಅಕಿ ಹೆಸರು ಹಾಕು" ಎಂದಳು.

ರೊಟ್ಟಿಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಶೋಭಾ ಅದನ್ನು ಹಿಡಿದುಕೊಂಡೇ ಒಳಗೆ ಹೋಗಿಬಿಟ್ಟಳು. ಬಹಳ ಹೊತ್ತು ಯಾರಿಗೂ ರೊಟ್ಟಿ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ನನಗೆ ಬಹಳ ಸಂತೋಷವಾಯಿತು. ಈ ಮಾತು ಹೊರಬರಲು ಅವ್ವ ಒಮ್ಮೆ ಸಾಯಬೇಕಾಯಿತಲ್ಲ ಎಂದು ಗಲಿಬಿಲಿಯೂ ಆಯಿತು.

ಈಗ ಪ್ಯಾಕೆಟ್ಟಿನ ಮೇಲೆ 'ಶೋಭಾಳ ಶೇಂಗಾ ಚಟ್ನಿ' ಎಂದಿದೆ, ಪಕ್ಕದಲ್ಲಿ ಶೋಭಾ ಬಾಯಿತುಂಬ ನಗುತ್ತಿದ್ದಾಳೆ. ಹೂವು ಇಲ್ಲ, ಚೌಕಟ್ಟೂ ಇಲ್ಲ. ಅದು ಸರಳವಾಗಿದೆಯೋ, ಕಥೆ ಹೇಳುತ್ತದೆಯೋ, ನನಗೆ ಇವತ್ತಿಗೂ ತಿಳಿದಿಲ್ಲ. ಗಿರಾಕಿಗಳು ಮಾತ್ರ ಚಟ್ನಿಗಿಂತ ಮೊದಲು ಆ ನಗುವನ್ನೇ ವಿಚಾರಿಸುತ್ತಾರೆ. ಫೋಟೋ ತೆಗೆದ ದಿನ ಅವಳೂ ಅತ್ತೆಯ ಹಾಗೆಯೇ ಬಿಗಿದುಕೊಂಡು ನಿಂತಿದ್ದಳು. ನಾನು ಎಷ್ಟು ಹೇಳಿದರೂ ತುಟಿ ಅಲ್ಲಾಡಲಿಲ್ಲ. ಆಗ ನನ್ನ ಬೆನ್ನ ಹಿಂದಿನಿಂದ ಅವ್ವ ಕೂಗಿದಳು:

"ನಗಽ ಶೋಭಾ, ಇಲ್ಲಾಂದ್ರ ನಾಳೆ ನಿನ್ನ ಮಣ್ಣಿಗೂ ಮುರಗೋಡದವ್ರು ಬರತಾರ!"