ಮಲ್ಲಣ್ಣ ಕೂತ ದಿನ

ಮಲ್ಲಣ್ಣ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಚಹಾ ಕುಡಿಯುವುದೂ ಅಡ್ಡಾಡುತ್ತಲೇ. ಯಾದಗಿರಿ ಕಡೆಯವರು. ಪುಣೆಯ ಹಡಪಸರದ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಬೆಂಕಿಯ ಮುಂದೆ ನಿಂತು, ಆಮೇಲೆ ಅದೇ ಊರಿನ ನಮ್ಮ ಪ್ರಯೋಗಾಲಯದ ಕುಲುಮೆ ನೋಡಿಕೊಳ್ಳಲು ಬಂದಿದ್ದರು.

ನನ್ನ ಸಂಶೋಧನೆ ಉಲ್ಕಾಶಿಲೆಯದು. ಭೂಮಿ ಹುಟ್ಟುವ ಮೊದಲೇ ಧೂಳು ಕಾದು, ಕರಗಿ, ಹನಿಯಾಗಿ, ಆರಿ ಗಟ್ಟಿಯಾದ ಸಾಸಿವೆಯಂಥ ಗುಂಡುಗಳು ಅದರ ತುಂಬ. ಅವುಗಳ ಒಳಗೆ ಹರಳುಗಳು. ಅಂಥದ್ದನ್ನೇ ಕುಲುಮೆಯಲ್ಲಿ ಮಾಡಿ, ಎಷ್ಟು ಕಾವಿಗೆ, ಎಷ್ಟು ಹೊತ್ತಿನಲ್ಲಿ ಹಾಗಾಯಿತೆಂದು ನಾನು ಹೇಳಬೇಕಿತ್ತು. ಐದು ಸಲವೂ ಸಿಕ್ಕಿದ್ದು ಬರೀ ಗಾಜಿನ ಮಣಿ. ಕುಲುಮೆ ನನ್ನ ಪಾಲಿಗೆ ಇನ್ನೊಂದೇ ದಿನ ಉಳಿದಿತ್ತು. ಅದೂ ಕೆಟ್ಟರೆ ಪ್ರಬಂಧದ ಕಥೆ ಮುಗಿದಂತೆ.

"ಎಲ್ಲಾ ಕರಗ್ಲಿ ಅಂತ ಜಾಸ್ತೀನೇ ಕಾಯಿಸ್ತಿದ್ದೀನಿ ಮಲ್ಲಣ್ಣ, ಆದ್ರೂ ಹರಳೇ ಬರ್ತಿಲ್ಲ," ಎಂದೆ. ಅಳು ಬಂದಿತ್ತು.

"ಅಲ್ಲೇ ತಪ್ಪದ ನೋಡು ಯವ್ವಾ. ನಮ್ಮವ್ವ ಗಡಿಗ್ಯಾಗ ಹಳೇ ತುಪ್ಪ ಒಂದೀಟು ಬಿಟ್ಟಿರ್ತಿದ್ಳು. ಹೊಸಾದು ಉಗುರು ಬೆಚ್ಚಗಾದ ಮ್ಯಾಲ ಅದರ ಮ್ಯಾಲ ಸುರೀತಿದ್ಳು. ಆ ಹಳೇದನ್ನ ಹಿಡ್ಕೊಂಡೇ ಹೊಸಾದು ಹರಳ ಕಟ್ಟೂದು. ಪೂರಾ ಕರಗಿಸಬ್ಯಾಡ, ಒಂದೆರಡು ಕಾಳು ಉಳೀಲಿ. ಆಮ್ಯಾಲ ಸಾವಕಾಶ ಆರಲಿ."

ಮರುದಿನ ಬೆಳಿಗ್ಗೆ ಕಾವು ತುಸು ಇಳಿಸಿ ಕೆಲವೇ ನಿಮಿಷ ಕಾಯಿಸಿದೆವು. ಆರುವುದಕ್ಕೆ ಸಂಜೆಯವರೆಗೆ ಬೇಕು. ನನಗೋ ಜೀವ ನಿಲ್ಲದು; ಹತ್ತು ನಿಮಿಷಕ್ಕೊಮ್ಮೆ ಕುಲುಮೆಯ ಬಾಗಿಲಿಗೆ ಕೈ ಹೋಗುತ್ತಿತ್ತು. ಹಿಂದಿನ ಸಲಗಳಲ್ಲೂ ಹೀಗೇ ತೆಗೆದು ಇಣುಕಿ ಕಾವು ಕಳೆದಿದ್ದೆ, ಥೂ ನನ್ನ ಬುದ್ಧಿಗಿಷ್ಟು! ಮಲ್ಲಣ್ಣ ಸ್ಟೂಲು ಎಳೆದು ಬಾಗಿಲಿಗೆ ಅಡ್ಡ ಕೂತೇಬಿಟ್ಟರು.

"ಈಗ ತೆಗಿ ನೋಡೋಣು!"

ಸಂಜೆಯವರೆಗೆ ಏಳಲಿಲ್ಲ. ಮೊಣಕಾಲು ಮಾತ್ರ ಕುಣಿಯುತ್ತಲೇ ಇತ್ತು.

ಒಂದು ಗುಂಡನ್ನು ಒಡೆದು ಸೂಕ್ಷ್ಮದರ್ಶಕದಡಿ ಇಟ್ಟರೆ, ಒಳಗೆ ಹರಳು! ನಾನು ಕಿರುಚಿಯೇಬಿಟ್ಟೆ. ಮಲ್ಲಣ್ಣ ಬಗ್ಗಿ ಬಹಳ ಹೊತ್ತು ನೋಡಿದರು.

"ಥೇಟ್ ಅವ್ವನ ತುಪ್ಪ," ಎಂದರು. ಇಕ್ಕಳ ಒರೆಸಿ ಮೊಳೆಗೆ ನೇತುಹಾಕಿದರು. "ಛಲೋ ಆತು. ಬರ್ತೀನಿ ಯವ್ವಾ."

ಅವರ ಗುತ್ತಿಗೆಗೂ ಅದೇ ಕೊನೆಯ ದಿನವಾಗಿತ್ತೆಂದು ಕಚೇರಿಯವರು ಮರುದಿನ ಹೇಳಿದರು. ಬೇರೆ ಕೆಲಸ ಕೇಳಲು ಆವತ್ತು ಅವರು ಊರಿನ ಇನ್ನೊಂದು ತುದಿಯ ಹಿಂಜವಾಡಿಗೆ ಹೋಗಬೇಕಿತ್ತಂತೆ, ಮಧ್ಯಾಹ್ನದೊಳಗೆ. ಎಷ್ಟು ಸಲ ಫೋನ್ ಮಾಡಿದರೂ ಅವರು ಸಿಗಲಿಲ್ಲ.

ಪ್ರಬಂಧ ಮುಗಿಯಿತು, ನಾನು ಇಲ್ಲೇ ಉಳಿದೆ. ಕುಲುಮೆ ಆರುವಾಗ ಈಗ ಅದೇ ಸ್ಟೂಲು ಎಳೆದು ಬಾಗಿಲಿಗೆ ಅಡ್ಡ ಕೂರುತ್ತೇನೆ. ಮೊಣಕಾಲು ಕುಣಿಯುತ್ತಿರುತ್ತದೆ.